ಟ್ರ್ಯಾಕ್ಟರ್ ಒಳಗೆ ಸಿಮ್ ಯಾಕೆ? ಕಮ್ಮಾರನ ಆಯದಿಂದ ಕಂಪನಿಯ ಚಂದಾವರೆಗೆ



ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಗೊಬ್ಬರದ ಬಗ್ಗೆನೂ ಅಲ್ಲ. ಸ್ವಲ್ಪ ಉದ್ದ ಐತೆ. ರಾತ್ರಿ ತ್ರೀ ಫೇಸ್ ಕರೆಂಟ್ ಕಾಯ್ತಾ ತೋಟದಾಗೆ ಕೂತಿರ್ತೀರಲ್ಲ, ಆವಾಗ ಓದ್ರಿ.

ಹೋದ ತಿಂಗಳು ನಮ್ಮ ಸಣ್ಣಪ್ಪನ ಮಗ ಹೊಸ ಟ್ರ್ಯಾಕ್ಟರ್ ನೋಡೋಕೆ ಹೊರಟ. "ಅಣ್ಣಾ, ನೀನೂ ಬಾ. ನಾಲ್ಕು ಅಕ್ಷರ ಓದ್ತೀಯ, ಮೋಸ ಆಗಬಾರದು" ಅಂದ. ನಂದು ಎಸ್ಸೆಸ್ಸೆಲ್ಸಿ, ಅವಂದು ಎಂಟನೇ ಕ್ಲಾಸು, ಅಷ್ಟೇ ವ್ಯತ್ಯಾಸ. ಆದ್ರೂ ಹೋದೆ. ಶೋರೂಮಿನ ಹುಡುಗ ಎಂಜಿನ್ ತೋರಿಸಿದ, ಹೈಡ್ರಾಲಿಕ್ ಎತ್ತಿ ಇಳಿಸಿದ, ಕೊನೆಗೆ ಜೇಬಿಂದ ಮೊಬೈಲ್ ತೆಗೆದ. "ಸಾರ್, ಇದರ ಒಳಗೆ ಸಿಮ್ ಇದೆ. ಟ್ರ್ಯಾಕ್ಟರ್ ಎಲ್ಲಿದೆ, ಎಷ್ಟು ಗಂಟೆ ಓಡ್ತು, ಡೀಸೆಲ್ ಎಷ್ಟು ಉಳೀತು, ಸರ್ವೀಸ್ ಯಾವಾಗ, ಎಲ್ಲ ನಿಮ್ಮ ಫೋನಿಗೇ ಬರುತ್ತೆ. ಮೊದಲ ವರ್ಷ ಫ್ರೀ" ಅಂದ.

ಹೊರಗೆ ಬಂದು ಚಹಾ ಕುಡಿಯುವಾಗ ತಮ್ಮ ಒಂದು ಮಾತು ಕೇಳಿದ. "ಅಣ್ಣಾ, ಒಂದು ಟೂಲ್ ಬಾಕ್ಸ್ ಪುಕ್ಕಟೆ ಕೊಡ್ರಿ ಅಂದ್ರೆ ಮ್ಯಾನೇಜರನ್ನ ಕೇಳಬೇಕು ಅಂತಾರೆ. ಇದನ್ನ ನಾವು ಕೇಳದೇನೇ ಕೊಡ್ತಾರಲ್ಲ, ಯಾಕೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವನು ಎರಡು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ ಇಟ್ಟುಕೊಂಡು ಸಾಲ ಮಾಡಿ ತಗೊಳ್ಳೋ ಗಾಡಿ. ಏಳು ವರ್ಷ ಕಂತು. ಸುಮ್ಮನೆ "ಒಳ್ಳೇದೇ ಇರಬೇಕು ಬಿಡು" ಅನ್ನೋಕೆ ಮನಸ್ಸು ಬರಲಿಲ್ಲ. ತಂಗಿ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಇರೋದನ್ನ ಅವನ ಕೈಲಿ ಓದಿಸಿ, ಕೇಳಿ ಕೇಳಿ ಬರ್ಕೊಂಡೆ. ಹಿಂದಕ್ಕೆ ಹೋಗ್ತಾ ಹೋಗ್ತಾ ವಿಷಯ ನಮ್ಮೂರ ಕಮ್ಮಾರನ ಕುಲುಮೆಗೇ ಬಂದು ನಿಂತಿತು.

ಕಮ್ಮಾರನ ಆಯ

ಐವತ್ತು ದಾಟಿದವರಿಗೆ ಆಯ ಅಂದ್ರೆ ಗೊತ್ತು. ಚಿಕ್ಕವರಿಗಾಗಿ ಹೇಳ್ತೀನಿ. ನಮ್ಮ ಅಜ್ಜನ ಕಾಲದಲ್ಲಿ ಕುಳ ಮೊಂಡಾದ್ರೆ ದುಡ್ಡು ಕೊಟ್ಟು ಬಡಿಸ್ತಿರಲಿಲ್ಲ. ಕುಳ, ಕುಂಟೆ, ಕುಡಗೋಲು ಯಾವುದಿದ್ರೂ ಹೊತ್ತುಕೊಂಡು ಹೋಗಿ ಕುಲುಮೆ ಮುಂದೆ ಇಟ್ಟು ಬರೋದು. ವರ್ಷಪೂರ್ತಿ ಎಷ್ಟು ಸಲ ಬೇಕಾದ್ರೂ ಕಾಸಿ ಬಡಿದು ಕೊಡ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಲ್ತಿದ್ದ, ಎತ್ತಿನ ಜೋಡಿಗೆ ಇಷ್ಟು ಕೊಳಗ ಜೋಳ ಅಂತ ಅಳೆದು ಹಾಕ್ತಿದ್ದರು. ಬಡಗಿಗೂ ಹಂಗೇ. ನಾನು ಚಿಕ್ಕವನಿದ್ದಾಗ ಇದರ ಕೊನೆಕೊನೆಯ ದಿನ ಕಣ್ಣಾರೆ ನೋಡಿದೀನಿ.

ಈಗ ಯೋಚಿಸಿ ನೋಡ್ರಿ. ವರ್ಷಕ್ಕಿಷ್ಟು ಕೊಡೋದು, ವರ್ಷವೆಲ್ಲ ಸೇವೆ ಪಡೆಯೋದು. ಇವತ್ತು ಕಂಪನಿಯವರು ಚಂದಾ, ಸಬ್‌ಸ್ಕ್ರಿಪ್ಷನ್ ಅಂತಾರಲ್ಲ, ಲೆಕ್ಕ ಅದೇ. ಹಂಗಾಗಿ ಚಂದಾ ಅನ್ನೋದು ಅಮೆರಿಕದವರು ಕಂಡುಹಿಡಿದದ್ದು ಅಂತ ನಾವು ತಿಳ್ಕೊಳ್ಳೋದು ಬೇಡ. ಆಯದಲ್ಲಿ ಒಂದು ಕಟ್ಟು ಇತ್ತು. ಕಮ್ಮಾರ ಊರೊಳಗೇ ಇರ್ತಿದ್ದ. ಬಿತ್ತನೆ ಹದ ತಪ್ಪಿದ್ರೆ ರೈತನಿಗೆ ಬೆಳೆ ಇಲ್ಲ, ರೈತನಿಗೆ ಬೆಳೆ ಇಲ್ಲ ಅಂದ್ರೆ ಕಮ್ಮಾರನಿಗೆ ಕಾಳಿಲ್ಲ. ನಮ್ಮ ಕುಳ ಅವನ ಕುಲುಮೆಯಲ್ಲಿ ತಡ ಆದ್ರೆ ನಷ್ಟ ಇಬ್ಬರದೂ. ಇದನ್ನ ನೆನಪಲ್ಲಿ ಇಟ್ಕೊಂಡು ಮುಂದೆ ಓದ್ರಿ.

ಅಮೆರಿಕದಲ್ಲೂ ಒಬ್ಬ ಕಮ್ಮಾರ

ಜಾನ್ ಡಿಯರ್ ಅಂದ್ರೆ ನಮಗೆ ಹಸಿರು ಟ್ರ್ಯಾಕ್ಟರ್. ಅದು ಒಬ್ಬ ಮನುಷ್ಯನ ಹೆಸರು, ಕಸುಬಿನಿಂದ ಕಮ್ಮಾರ. 1837ರಲ್ಲಿ ಇಲಿನಾಯ್ ರಾಜ್ಯದ ಗ್ರ್ಯಾಂಡ್ ಡಿಟೂರ್ ಅನ್ನೋ ಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದ. ಅಲ್ಲಿನ ನೆಲ ನಮ್ಮ ಎರೆ ನೆಲದಂಗೆ, ಕರೀ ಅಂಟು ಮಣ್ಣು. ರೈತರು ಎರಕದ ಕಬ್ಬಿಣದ ನೇಗಿಲು ಹೂಡಿದ್ರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಮಣ್ಣು ಕೆರೆದು ತೆಗೀಬೇಕಿತ್ತು. ಈತ ಮರ ಕೊಯ್ಯೋ ಮಿಲ್ಲಿನ ಒಂದು ಮುರಿದ ಉಕ್ಕಿನ ಗರಗಸ ತಗೊಂಡು, ಬಗ್ಗಿಸಿ, ನುಣುಪು ಮಾಡಿ ನೇಗಿಲು ಮಾಡಿದ. ಮಣ್ಣು ತಾನಾಗೇ ಜಾರಿ ಬೀಳ್ತು. 1848ರಲ್ಲಿ ಮೋಲಿನ್ ಅನ್ನೋ ಊರಿಗೆ ಹೋಗಿ ಕಾರ್ಖಾನೆ ಹಾಕಿದ. ಅವನು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1918ರಲ್ಲಿ, ಅವನ ಕಂಪನಿ ವಾಟರ್‌ಲೂ ಅನ್ನೋ ಎಂಜಿನ್ ಕಂಪನಿಯನ್ನ ಕೊಂಡುಕೊಂಡು ಟ್ರ್ಯಾಕ್ಟರಿಗೆ ಇಳೀತು.

ಇಲ್ಲಿ ಕಂಪನಿಗೆ ಒಂದು ಕಷ್ಟ ಐತೆ, ಅದನ್ನ ಅವರ ಜಾಗದಲ್ಲಿ ನಿಂತು ನೋಡ್ಬೇಕು. ಒಳ್ಳೇ ನೇಗಿಲು ಮಾರಿದ್ರೆ ಆ ರೈತ ಹತ್ತು ವರ್ಷ ಮತ್ತೆ ಬರಲ್ಲ. ಕೆಟ್ಟ ನೇಗಿಲು ಮಾರಿದ್ರೆ ಯಾವತ್ತೂ ಬರಲ್ಲ. ಕಮ್ಮಾರನಿಗೆ ವರ್ಷಾವರ್ಷ ಆಯ ಬರ್ತಿತ್ತು. ಕಮ್ಮಾರ ಕಾರ್ಖಾನೆ ಆದಮೇಲೆ ಆಯ ನಿಂತು ಹೋಯ್ತು, ಒಂದೇ ಸಲ ದುಡ್ಡು. ಅದರ ಮೇಲೆ ಕಾಳಿನ ರೇಟು ಬಿದ್ದ ವರ್ಷ ರೈತ ಮೊದಲು ಮುಂದೂಡೋದೇ ಟ್ರ್ಯಾಕ್ಟರ್ ಖರೀದಿ. ಕಾರ್ಖಾನೆ, ಕೂಲಿ, ಸಾಲದ ಬಡ್ಡಿ ಮಾತ್ರ ಆ ವರ್ಷವೂ ನಡೀತಾ ಇರ್ತದೆ. ಮಾರಾಟ ಒಂದು ವರ್ಷ ಏರಿದ್ರೆ ಇನ್ನೊಂದು ವರ್ಷ ಇಳೀತದೆ.

ಹಂಗಾಗಿ ಮಾರಿದ ಮೇಲೂ ರೈತನ ಜೊತೆ ನಂಟು ಉಳಿಸಿಕೊಳ್ಳೋ ದಾರಿ ಆಗಿನಿಂದಲೇ ಹುಡುಕ್ತಾ ಬಂದರು. ಸೈರಸ್ ಮೆಕಾರ್ಮಿಕ್ ಅಂತ ಒಬ್ಬ, ಕುದುರೆ ಎಳೆಯೋ ಪೈರು ಕೊಯ್ಯೋ ಯಂತ್ರಕ್ಕೆ 1834ರಲ್ಲಿ ಪೇಟೆಂಟ್ ತಗೊಂಡವನು. 1847ರಲ್ಲಿ ಶಿಕಾಗೋದಲ್ಲಿ ಕಾರ್ಖಾನೆ ಹಾಕಿದ. ಯಂತ್ರದ ಜೊತೆಗೆ ಕಂತು ಕೊಟ್ಟ, ಬರವಣಿಗೆಯಲ್ಲಿ ಗ್ಯಾರಂಟಿ ಕೊಟ್ಟ, ಊರೂರಿಗೆ ಏಜೆಂಟರನ್ನ ಇಟ್ಟು ಬಿಡಿಭಾಗ ಸಿಗೋ ಹಾಗೆ ಮಾಡಿದ. ಇವತ್ತು ನಾವು ನೋಡೋ ಡೀಲರ್, ಸರ್ವೀಸ್, ಸ್ಪೇರ್ ಪಾರ್ಟ್ಸ್, ಫೈನಾನ್ಸ್ ಇದರ ಬೇರು ಅಲ್ಲಿದೆ.

ವಸ್ತು ಬಿಟ್ಟು ಗಂಟೆ ಮಾರಿದ್ದು

ನೂರು ವರ್ಷ ಕಳೆದ ಮೇಲೆ ಇನ್ನೊಂದು ಉಪಾಯ ಬಂತು. 1959ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿ 914 ಅನ್ನೋ ನಕಲು ಯಂತ್ರ ತಂತು. ಬೆಲೆ ಎಷ್ಟು ಜಾಸ್ತಿ ಅಂದ್ರೆ ಆಫೀಸಿನವರು ಕೊಳ್ಳೋಕೆ ಆಗ್ತಿರಲಿಲ್ಲ. ಕಂಪನಿ ಅದನ್ನ ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟಿತು. 2000 ಪ್ರತಿ ಅದರಲ್ಲೇ ಬಂತು, ಅದರ ಮೇಲೆ ಹಾಳೆಗೆ ಇಷ್ಟು ಅಂತ. ಯಂತ್ರದೊಳಗೆ ಮೀಟರ್ ಇತ್ತು, ಅದು ಎಣಿಸ್ತಿತ್ತು. ನಮ್ಮ ಮನೆ ಕರೆಂಟ್ ಮೀಟರ್ ಇದ್ದಂಗೆ.

1962ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸಿಡ್ಲಿ ಅನ್ನೋ ಕಂಪನಿ ವಿಮಾನದ ಎಂಜಿನಿಗೆ ಇದೇ ಲೆಕ್ಕ ಹಾಕಿತು. ವೈಪರ್ ಅಂತ ಎಂಜಿನ್. ರಿಪೇರಿ, ಬಿಡಿಭಾಗ ಎಲ್ಲ ನಮ್ಮದು, ಎಂಜಿನ್ ಹಾರಿದ ಗಂಟೆಗೆ ಇಷ್ಟು ಕೊಡ್ರಿ ಅಂತ. ಮುಂದೆ ಆ ಕಂಪನಿಯನ್ನ ರೋಲ್ಸ್ ರಾಯ್ಸ್ ಕೊಂಡುಕೊಂಡಿತು, ಪದ್ಧತಿ ದೊಡ್ಡದಾಯ್ತು.

ಈ ಎಂಜಿನ್ ವಿಷಯ ನನಗೆ ಇಷ್ಟ ಆಯ್ತು. ಯಾಕೆ ಅಂದ್ರೆ ಎಂಜಿನ್ ಕೆಟ್ಟು ನಿಂತ ಗಂಟೆಗೆ ಕಂಪನಿಗೂ ದುಡ್ಡಿಲ್ಲ. ಕೆಡದಂಗೆ ನೋಡಿಕೊಳ್ಳೋದು ಅವರ ಹೊಟ್ಟೆಪಾಡೂ ಆಯ್ತು. ಇದು ನಮ್ಮ ಆಯದ ಕಟ್ಟು! ಇಬ್ಬರ ನಷ್ಟ ಒಂದೇ ದಿಕ್ಕಿನಲ್ಲಿದ್ರೆ ಚಂದಾ ಒಳ್ಳೇದೇ. ಆದ್ರೆ ಗಂಟೆ ಲೆಕ್ಕಕ್ಕೆ ಕೊಡಬೇಕು ಅಂದ್ರೆ ಎಂಜಿನ್ ಎಷ್ಟು ಓಡ್ತು, ಹೆಂಗೆ ಓಡ್ತು ಅನ್ನೋದು ಕಂಪನಿಗೆ ಗೊತ್ತಾಗಬೇಕು. ಯಂತ್ರ ಮಾತಾಡಬೇಕು. ಯಂತ್ರಕ್ಕೆ ಬಾಯಿ ಬರೋಕೆ ಇದೊಂದು ಕಾರಣ.

ಜಪಾನಿನ ಕಳ್ಳರು ಕಲಿಸಿದ ಪಾಠ

ಇನ್ನೊಂದು ಕಾರಣ ಕಳ್ಳತನ. ಕೊಮಾಟ್ಸು ಅಂತ ಜಪಾನಿನ ಕಂಪನಿ, ಮಣ್ಣು ಅಗೆಯೋ ದೊಡ್ಡ ಯಂತ್ರ ಮಾಡೋರು. 1990ರ ದಶಕದ ಕೊನೆಗೆ ಜಪಾನಿನಲ್ಲಿ ಕಳ್ಳರು ಕೆಲಸದ ಜಾಗದಿಂದ ಇಂಥ ಯಂತ್ರ ಕದ್ದು, ಅದರಿಂದಲೇ ಬ್ಯಾಂಕಿನ ಎಟಿಎಂ ಒಡೆದು ದುಡ್ಡು ಹೊತ್ತುಕೊಂಡು ಹೋಗೋಕೆ ಶುರು ಮಾಡಿದರು. ಕಂಪನಿಯವರು ಯಂತ್ರದೊಳಗೆ ಜಿಪಿಎಸ್ ಮತ್ತು ಸುದ್ದಿ ಕಳಿಸೋ ಪೆಟ್ಟಿಗೆ ಕೂರಿಸಿದರು. ಕೊಮ್‌ಟ್ರ್ಯಾಕ್ಸ್ ಅಂತ ಹೆಸರು. 2001ರಿಂದ ತಮ್ಮದೇ ಖರ್ಚಿನಲ್ಲಿ ಜಪಾನಿನಲ್ಲಿ ಮಾರೋ ಯಂತ್ರಗಳಿಗೆ ಹಾಕೋಕೆ ಶುರು ಮಾಡಿದರು. ಗಿರಾಕಿ ಕೇಳಿರಲಿಲ್ಲ, ಪುಕ್ಕಟೆ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅಂತ ನಾವು ತಗೋತೀವಿ. ಆದ್ರೆ ಕಂಪನಿಗೆ ಅದರಿಂದ ಏನೇನು ಸಿಕ್ತು ಅಂತ ನೋಡ್ರಿ.

ಮೊದಲನೇದು, ಯಾವ ಯಂತ್ರದ ಯಾವ ಭಾಗ ಯಾವಾಗ ಸವೀತದೆ ಅಂತ ಮೊದಲೇ ಗೊತ್ತಾಯ್ತು. ಗಿರಾಕಿ ಬೇರೆ ಅಂಗಡಿಗೆ ಹೋಗೋದರೊಳಗೆ ಡೀಲರ್ ಫೋನ್ ಬರ್ತದೆ, "ನಿಮ್ಮ ಫಿಲ್ಟರ್ ಬದಲಾಯಿಸೋ ಟೈಮ್ ಆಯ್ತು" ಅಂತ. ಗಿರಾಕಿಗೂ ಉಪಯೋಗ, ಬಿಡಿಭಾಗದ ವ್ಯಾಪಾರವೂ ಅವರದ್ದೇ.

ಎರಡನೇದು, ಸಾಲ. ಚೀನಾದಲ್ಲಿ ಕಂತಿಗೆ ಯಂತ್ರ ಮಾರಿದಾಗ, ಕಂತು ಕಟ್ಟದವರ ಎಂಜಿನನ್ನ ದೂರದಿಂದಲೇ ನಿಲ್ಲಿಸೋಕೆ ಬಂತು. ವಸೂಲಿಗೆ ಮನೆ ಬಾಗಿಲಿಗೆ ಹೋಗೋ ಕೆಲಸ ಕಡಿಮೆ ಆಯ್ತು.

ಮೂರನೇದು ನನಗೆ ಹೊಳೆದೇ ಇರಲಿಲ್ಲ. 2004ರಲ್ಲಿ ಚೀನಾ ಸರ್ಕಾರ ಸಾಲ ಕೊಡೋದನ್ನ ಬಿಗಿ ಮಾಡಿದಾಗ ಅಲ್ಲಿನ ಯಂತ್ರಗಳು ಓಡೋ ಗಂಟೆ ಇಳಿದಿದ್ದು ಜಪಾನಿನಲ್ಲಿ ಕೂತವರಿಗೆ ಪರದೆ ಮೇಲೆ ಕಂಡಿತು. ಕಂಪನಿ ಉತ್ಪಾದನೆ ತಗ್ಗಿಸಿ ದೊಡ್ಡ ನಷ್ಟ ತಪ್ಪಿಸಿಕೊಂಡಿತು. ಒಬ್ಬೊಬ್ಬರ ಯಂತ್ರದ ಗಂಟೆ ಸಣ್ಣ ಸುದ್ದಿ. ಎಲ್ಲರದ್ದೂ ಕೂಡಿದ್ರೆ ಇಡೀ ದೇಶದ ವ್ಯಾಪಾರದ ನಾಡಿ ಹಿಡಿದಂಗೆ.

ನಮ್ಮೂರಿನ ಯಾರಿಗೂ ತನ್ನ ಟ್ರ್ಯಾಕ್ಟರ್ ಓಡಿದ ಗಂಟೆ ಮಾರೋ ವಸ್ತು ಅನಿಸಿರಲ್ಲ. ಆದ್ರೆ ಒಂದು ತಾಲೂಕಿನ ಎಲ್ಲ ಟ್ರ್ಯಾಕ್ಟರ್ ಯಾವ ವಾರ ನಾಟಿಗೆ ಇಳಿದವು ಅಂತ ಗೊತ್ತಿರೋನಿಗೆ ಗೊಬ್ಬರ ಯಾವ ವಾರ ಬೇಕು, ಕಟಾವು ಯಾವಾಗ ಅಂತಲೂ ಗೊತ್ತಾಗ್ತದೆ. 2013ರಲ್ಲಿ ಬೀಜದ ಕಂಪನಿ ಮಾನ್ಸಾಂಟೋ, ಹವಾಮಾನದ ಲೆಕ್ಕ ಹಾಕಿ ರೈತರಿಗೆ ವಿಮೆ ಮಾರ್ತಿದ್ದ ಕ್ಲೈಮೇಟ್ ಕಾರ್ಪೊರೇಷನ್ ಅನ್ನೋ ಕಂಪನಿಯನ್ನ ಸುಮಾರು 93 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆ ಕಂಪನಿಗೆ ಕಾರ್ಖಾನೆ ಇರಲಿಲ್ಲ, ಗೋದಾಮು ಇರಲಿಲ್ಲ. ಇದ್ದದ್ದು ಮಳೆಯ ಲೆಕ್ಕ, ಹೊಲದ ಲೆಕ್ಕ.

ನನ್ನ ಗದ್ದೆಯ ಎರಡೂವರೆ ದಿನ

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಮೂರು ವರ್ಷದ ಹಿಂದೆ ಮುಂಗಾರಿ ಭತ್ತ ಬಂಗಾರದಂಗೆ ನಿಂತಿತ್ತು. ಟಿವಿಯಲ್ಲಿ ವಾಯುಭಾರ ಕುಸಿತ ಅಂತ ಹೇಳ್ತಿದ್ದರು. ಗಂಟೆ ಲೆಕ್ಕಕ್ಕೆ ಬಾಡಿಗೆ ಹಾರ್ವೆಸ್ಟರ್ ಹಿಡಿದು ತಂದೆ. ಒಂದು ಎಕರೆ ಕೊಯ್ದು ಎರಡನೇ ಮಡಿಗೆ ತಿರುಗಿಸುವಾಗ ಪರದೆ ಮೇಲೆ ಕೆಂಪು ದೀಪ, ಒಂದು ನಂಬರ್. ಎಂಜಿನ್ ಏರೋದೇ ಇಲ್ಲ, ಗುರ್ ಅಂತ ಒಂದೇ ಸದ್ದಿನಲ್ಲಿ ನಿಂತ್ಕೊಂಡಿತು. ಡ್ರೈವರ್ ಹುಡುಗ "ಸೆನ್ಸಾರ್ ಕಂಪ್ಲೇಂಟ್ ಯಜಮಾನ್ರೇ" ಅಂದ.

ನಮ್ಮ ಗ್ಯಾರೇಜಿನ ಮೇಸ್ತ್ರಿ ಬಂದ. ಮೂವತ್ತು ವರ್ಷದಿಂದ ಈ ಸುತ್ತಿನ ಟ್ರ್ಯಾಕ್ಟರ್ ಎಲ್ಲ ಬಿಚ್ಚಿ ಜೋಡಿಸಿದ ಕೈ ಅದು. ವೈರಿನ ತುದಿಗೆ ಧೂಳು ಕೂತಿದ್ದು ಹುಡುಕಿ ತೆಗೆದು ಒರೆಸಿದ. ರೋಗ ವಾಸಿ ಆಯ್ತು, ಆದ್ರೆ ಕೆಂಪು ದೀಪ ಹೋಗಲಿಲ್ಲ. ಅದನ್ನ ಅಳಿಸೋಕೆ ಕಂಪನಿ ಲ್ಯಾಪ್‌ಟಾಪೇ ಬೇಕು. ಯಂತ್ರದ ಮಾಲೀಕರು ಫೋನ್ ಮಾಡಿದಾಗ ಆ ಕಡೆಯವರು, "ಹೌದು ಸಾರ್, ನಮಗೆ ಆಗಲೇ ಮೆಸೇಜ್ ಬಂದಿದೆ" ಅಂದರಂತೆ. ನೋಡ್ರಿ, ಸುದ್ದಿ ನನಗಿಂತ ಮೊದಲು ಅವರಿಗೆ ಮುಟ್ಟಿತ್ತು. ಲ್ಯಾಪ್‌ಟಾಪ್ ಹಿಡಿದ ಹುಡುಗ ಬಂದಿದ್ದು ಎರಡೂವರೆ ದಿನದ ಮೇಲೆ, ಮಾಡಿದ್ದು ಹತ್ತು ನಿಮಿಷದ ಕೆಲಸ. ನಡುವಿನ ರಾತ್ರಿ ಮಳೆ ಬಂದು ಭತ್ತ ಮಲಗಿತ್ತು. ಕೆಳಗಿನ ತೆನೆ ಮೊಳಕೆ ಬಂದವು. ವ್ಯಾಪಾರಿ ಮುಷ್ಟಿಯಲ್ಲಿ ಹಿಡಿದು ನೋಡಿ ರೇಟು ಇಳಿಸಿದ. ಆ ಹುಡುಗನ ತಪ್ಪಿಲ್ಲ, ಅವನ ಪಾಲಿಗೆ ಅಂಥ ಹತ್ತು ಊರು. ಯಂತ್ರದ ಮಾಲೀಕರಿಗೂ ಎರಡೂವರೆ ದಿನದ ಬಾಡಿಗೆ ಹೋಯ್ತು.

ಕಂಪನಿಗೆ ಮಾತ್ರ ಆ ಎರಡೂವರೆ ದಿನದಿಂದ ಒಂದು ಪೈಸೆ ನಷ್ಟ ಇರಲಿಲ್ಲ. ಕಮ್ಮಾರನ ಆಯಕ್ಕೂ ಇದಕ್ಕೂ ಇರೋ ವ್ಯತ್ಯಾಸ ನನಗೆ ಅವತ್ತು ಹೊಟ್ಟೆಗೆ ತಾಗಿತ್ತು. ಕಾರಣ ಮಾತ್ರ ಈಗ ಗೊತ್ತಾಯ್ತು.

ಕೀಲಿ ಯಾರ ಕೈಯಲ್ಲಿ?

ಅಮೆರಿಕದ ರೈತರು ಇದೇ ಮಾತಿಗೆ ಹತ್ತು ವರ್ಷದಿಂದ ಗುದ್ದಾಡ್ತಿದ್ದಾರೆ. 1990ರ ದಶಕದಲ್ಲೇ ಡಿಯರ್ ಕಂಪನಿ ಜಿಪಿಎಸ್ ಹಾಕಿ ಹೊಲದ ಯಾವ ಮೂಲೆಯಲ್ಲಿ ಎಷ್ಟು ಇಳುವರಿ ಅಂತ ನಕ್ಷೆ ಮಾಡಿ ಕೊಡ್ತಿತ್ತು. ಆಮೇಲೆ ತಾನಾಗೇ ನೇರ ಸಾಲು ಹಿಡಿಯೋ ಟ್ರ್ಯಾಕ್ಟರ್ ಬಂತು. ಸಾವಿರಾರು ಎಕರೆ ಹೊಲ ಇರೋರಿಗೆ ನಿಜವಾಗಿ ಉಪಕಾರ ಆಯ್ತು. ಬೀಜ, ಗೊಬ್ಬರ, ಡೀಸೆಲ್ ಉಳೀತು. ಅದರಲ್ಲಿ ಸಾಧಾರಣ ಸಿಗ್ನಲ್ ಪುಕ್ಕಟೆ, ಇನ್ನೂ ನಿಖರವಾಗಿ ಬೇಕು ಅಂದ್ರೆ ಚಂದಾ. 2017ರಲ್ಲಿ ಡಿಯರ್ 30.5 ಕೋಟಿ ಡಾಲರಿಗೆ ಬ್ಲೂ ರಿವರ್ ಅನ್ನೋ ಕಂಪನಿ ಕೊಂಡಿತು. ಕ್ಯಾಮೆರಾದಲ್ಲಿ ಕಳೆ ಗುರುತಿಸಿ ಕಳೆಗೆ ಮಾತ್ರ ಔಷಧಿ ಬಿಡೋ ವಿದ್ಯೆ ಅವರದು. 2022ರಲ್ಲಿ ಡಿಯರ್ ಬಾಯಿಬಿಟ್ಟೇ ಹೇಳಿತು: 2030ರ ಹೊತ್ತಿಗೆ ನಮ್ಮ ಆದಾಯದ ಶೇ. 10ರಷ್ಟು ಮತ್ತೆ ಮತ್ತೆ ಬರೋ ಚಂದಾದಿಂದ ಬರಬೇಕು ಅಂತ. ತಮ್ಮನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇರೆ ಬೇಕಾ? 1837ರಲ್ಲಿ ನೇಗಿಲು ಮಾರಿ ಕೈತೊಳೆದುಕೊಂಡ ಕಮ್ಮಾರನ ಕಂಪನಿ ತಿರುಗಿ ಆಯಕ್ಕೆ ಬಂದು ನಿಂತಿದೆ.

ಚಂದಾ ಒಂದು ಕಡೆ, ಬೀಗ ಇನ್ನೊಂದು ಕಡೆ. ಟ್ರ್ಯಾಕ್ಟರ್ ಒಳಗೆ ಸಾಫ್ಟ್‌ವೇರ್ ಹೊಕ್ಕ ಮೇಲೆ ಕೆಲವು ರಿಪೇರಿ ಡೀಲರ್ ಲ್ಯಾಪ್‌ಟಾಪ್ ಇಲ್ಲದೆ ಮುಗಿಯೋದೇ ಇಲ್ಲ ಅನ್ನೋ ಹಾಗಾಯ್ತು. 2015ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಮುಂದೆ ಈ ವಿಷಯ ಬಂದಾಗ ಡಿಯರ್ ಕಂಪನಿಯ ವಾದ ಹೀಗಿತ್ತು: ಟ್ರ್ಯಾಕ್ಟರ್ ರೈತನದು ಹೌದು, ಒಳಗಿನ ಸಾಫ್ಟ್‌ವೇರ್ ಅವನದಲ್ಲ, ಗಾಡಿ ಇರೋವರೆಗೆ ಓಡಿಸೋ ಅನುಮತಿ ಮಾತ್ರ ಅವನಿಗಿದೆ. ಆದರೂ ಅದೇ ವರ್ಷ ರಿಪೇರಿಗಾಗಿ ಸಾಫ್ಟ್‌ವೇರ್ ಬೀಗ ತೆಗೆಯೋದು ರೈತನಿಗೆ ತಪ್ಪಲ್ಲ ಅಂತ ವಿನಾಯಿತಿ ಸಿಕ್ಕಿತು. ವಿನಾಯಿತಿ ಸಿಕ್ತು, ಬೀಗ ತೆಗೆಯೋ ಸಾಮಾನು ಸಿಗಲಿಲ್ಲ. 2017ರ ಹೊತ್ತಿಗೆ ಅಮೆರಿಕದ ಕೆಲವು ರೈತರು ಯುಕ್ರೇನಿನ ಕಡೆಯಿಂದ ಬರ್ತಿದ್ದ ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ತಮ್ಮದೇ ಟ್ರ್ಯಾಕ್ಟರ್ ರಿಪೇರಿ ಮಾಡ್ಕೊಳ್ತಿದ್ದಾರೆ ಅಂತ ಸುದ್ದಿ ಬಂತು.

2023ರ ಜನವರಿಯಲ್ಲಿ ಅಲ್ಲಿನ ದೊಡ್ಡ ರೈತ ಸಂಘಟನೆ ಫಾರ್ಮ್ ಬ್ಯೂರೋ ಜೊತೆ ಡಿಯರ್ ಒಂದು ಒಪ್ಪಂದ ಮಾಡಿಕೊಂಡು, ರಿಪೇರಿ ಸಲಕರಣೆ, ಮಾಹಿತಿ ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡ್ತೀವಿ ಅಂತು. ಅದೇ ವರ್ಷ ಕೊಲೊರಾಡೋ ರಾಜ್ಯ ಕೃಷಿ ಯಂತ್ರದ ರಿಪೇರಿ ಹಕ್ಕಿಗೆ ಕಾನೂನೇ ಮಾಡಿತು, 2024ರ ಜನವರಿ 1ರಿಂದ ಜಾರಿ. 2025ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗ, ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳ ಜೊತೆ ಸೇರಿ, ರಿಪೇರಿಯನ್ನ ತನ್ನ ಡೀಲರುಗಳ ಕೈಯಲ್ಲೇ ಇಟ್ಕೊಂಡಿದೆ ಅಂತ ಡಿಯರ್ ಮೇಲೆ ಕೇಸು ಹಾಕಿತು.

ಕಂಪನಿ ಕಡೆಯ ಮಾತಿನಲ್ಲೂ ಹುರುಳಿಲ್ಲ ಅನ್ನೋಕಾಗಲ್ಲ. ಸಾಫ್ಟ್‌ವೇರ್ ಯಾರು ಬೇಕಾದ್ರೂ ಮುಟ್ಟಿದ್ರೆ ಹೊಗೆ ನಿಯಮ ತಪ್ಪಿಸ್ತಾರೆ, ಅಪಘಾತ ಆಗ್ತದೆ ಅಂತಾರೆ. ಬೀಗದಿಂದ ಉಪಕಾರ ಆದದ್ದೂ ಉಂಟು. 2022ರಲ್ಲಿ ಯುದ್ಧದ ನಡುವೆ ಯುಕ್ರೇನಿನ ಮೆಲಿಟೊಪೋಲ್ ಊರಿನ ಒಂದು ಡೀಲರ್ ಅಂಗಡಿಯಿಂದ ಸುಮಾರು 50 ಲಕ್ಷ ಡಾಲರ್ ಬೆಲೆಯ ಡಿಯರ್ ಯಂತ್ರಗಳನ್ನ ರಷ್ಯಾದ ಸೈನಿಕರು ಸಾಗಿಸಿಕೊಂಡು ಹೋದರು. ಕೆಲವು ಚೆಚನ್ಯಾವರೆಗೆ ಹೋದವು. ಯಂತ್ರ ಎಲ್ಲಿವೆ ಅಂತ ಜಿಪಿಎಸ್ಸಿನಲ್ಲಿ ಕಾಣ್ತಿತ್ತು. ದೂರದಿಂದಲೇ ಬೀಗ ಬಿತ್ತು, ಕದ್ದವರಿಗೆ ಚಾಲೂ ಮಾಡೋಕೆ ಆಗಲಿಲ್ಲ. ಓದಿ ನಾನೂ ಖುಷಿಪಟ್ಟೆ. ಆಮೇಲೆ ರಾತ್ರಿ ಮಲಗಿದಾಗ ಅನಿಸ್ತು, ಕಳ್ಳನ ಕೈಯಲ್ಲಿರೋ ಯಂತ್ರ ನಿಲ್ಲಿಸೋ ಬೀಗ ಮಾಲೀಕನ ಕೈಯಲ್ಲಿರೋ ಯಂತ್ರವನ್ನೂ ನಿಲ್ಲಿಸ್ತದೆ. ಬೀಗಕ್ಕೆ ಇವ ಕಳ್ಳ, ಇವ ಮಾಲೀಕ ಅಂತ ಗೊತ್ತಾಗಲ್ಲ. ಕೀಲಿ ಹಿಡಿದವನಿಗೆ ಮಾತ್ರ ಗೊತ್ತು.

ನಮ್ಮ ಕಡೆ

ನಮ್ಮಲ್ಲಿ ಇದು ಬೇರೆ ದಾರಿಯಲ್ಲೂ ಬಂತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಅನ್ನೋರು ನ್ಯಾನೊ ಗಣೇಶ್ ಅಂತ ಒಂದು ಪೆಟ್ಟಿಗೆ ಮಾಡಿದರು. ಚಿಕ್ಕಂದಿನಲ್ಲಿ ಅವರ ಅಜ್ಜ ಪಂಪ್ ಚಾಲೂ ಮಾಡೋಕೆ ದೂರದ ತೋಟಕ್ಕೆ ನಡೆದು ಒದ್ದಾಡೋದನ್ನ ನೋಡಿದ್ದರಂತೆ. ಸ್ಟಾರ್ಟರಿಗೆ ಮೊಬೈಲ್ ಜೋಡಿಸಿ ಮನೆಯಿಂದಲೇ ಪಂಪ್ ಚಾಲೂ ಮಾಡೋ ಉಪಾಯ ಅದು. ಈಗ ಬೇರೆ ಬೇರೆಯವರ ಮೊಬೈಲ್ ಸ್ಟಾರ್ಟರ್ ಊರೂರಿನಲ್ಲಿವೆ, ನನ್ನ ತೋಟದಲ್ಲೂ ಐತೆ. ಅದರೊಳಗಿನ ಸಿಮ್ ನನ್ನ ಹೆಸರಲ್ಲಿದೆ. ಕರೆಂಟ್ ಬಂತು ಅಂತ ಫೋನ್ ಬರೋದು ನನಗೆ. ಕೆಟ್ಟರೆ ಪೆಟ್ಟಿಗೆ ಬಿಚ್ಚಿಟ್ಟು ಹಳೇ ಸ್ಟಾರ್ಟರ್ ಗುಂಡಿ ಒತ್ತಿದ್ರೆ ನೀರು ಬರ್ತದೆ. ಇದೂ ಸ್ಮಾರ್ಟೇ, ಆದ್ರೆ ಕೀಲಿ ನನ್ನ ಸೊಂಟದಲ್ಲಿದೆ.

2016ರಲ್ಲಿ ಮಹೀಂದ್ರಾದವರು ಟ್ರಿಂಗೋ ಅಂತ, ಫೋನ್ ಮಾಡಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಸೋ ಸೇವೆಯನ್ನ ನಮ್ಮ ಕರ್ನಾಟಕದಿಂದಲೇ ಶುರು ಮಾಡಿದ್ದರು. ನಮ್ಮಂಥ ಸಣ್ಣ ಹಿಡುವಳಿಗೆ ಗಂಟೆ ಕೊಳ್ಳೋದೇ ಸರಿ ಅನ್ನೋ ಲೆಕ್ಕ, ಆ ವಿಮಾನದ ಎಂಜಿನ್ ಲೆಕ್ಕವೇ. ಅದೇ ವರ್ಷ ಯಂತ್ರದ ಸುದ್ದಿ ಕಳಿಸೋ ಡಿಜಿಸೆನ್ಸ್ ಅನ್ನೋದನ್ನೂ ತಂದರು. ಇನ್ನು 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ ಕೇಂದ್ರ ಸರ್ಕಾರದ ಹೊಸ ಹೊಗೆ ನಿಯಮ ಬಂದಿದೆ. ಅದಕ್ಕೆ ಎಂಜಿನಿನೊಳಗೆ ಎಲೆಕ್ಟ್ರಾನಿಕ್ಸ್ ಬರಲೇಬೇಕು. ಹಂಗಾಗಿ ಎಲ್ಲ ಸೆನ್ಸಾರ್ ಕಂಪನಿಯ ಹುನ್ನಾರ ಅನ್ನೋದು ತಪ್ಪು, ಕೆಲವನ್ನ ಕಾನೂನೇ ಹಾಕಿಸಿದೆ. ಆದ್ರೆ ಹೊಗೆ ಅಳೆಯೋ ಸೆನ್ಸಾರಿಗೆ ಸಿಮ್ ಬೇಕಿಲ್ಲ. ಸಿಮ್ ಹಾಕೋದು ಬೇರೆ ಲೆಕ್ಕ.

ತಮ್ಮನಿಗೆ ನಾನು ಹೇಳಿದ್ದು

ಆ ಲೆಕ್ಕ ಏನು ಅಂತ ತಮ್ಮನಿಗೆ ಹಿಂಗೆ ಹೇಳಿದೆ. "ಒಂದು, ಮಾರಾಟದ ದುಡ್ಡು ಒಂದೇ ಸಲ, ಚಂದಾ ವರ್ಷಾವರ್ಷ. ಎರಡು, ಬಿಡಿಭಾಗ, ಸರ್ವೀಸ್ ತಮ್ಮ ಹತ್ರಾನೇ ಉಳೀತದೆ. ಮೂರು, ಸಾಲ ಕೊಟ್ಟವರಿಗೆ ಧೈರ್ಯ. ನಾಲ್ಕು, ಎಲ್ಲರ ಹೊಲದ ಸುದ್ದಿ ಒಂದು ಕಡೆ ಕೂಡ್ತದೆ. ಇದರಲ್ಲಿ ನಮಗೂ ಲಾಭ ಐತೆ, ಇಲ್ಲ ಅನ್ನಲ್ಲ. ಟ್ರ್ಯಾಕ್ಟರ್ ಕಳುವಾದ್ರೆ ಸಿಗ್ತದೆ, ಡ್ರೈವರ್ ಡೀಸೆಲ್ ಕದ್ರೆ ಗೊತ್ತಾಗ್ತದೆ. ಆದ್ರೆ ಯಂತ್ರ ನಿಂತಾಗ ನಷ್ಟ ಇಬ್ಬರದಾ, ನಿನ್ನೊಬ್ಬಂದಾ ಅಂತ ಕೇಳ್ಕೊಂಡು ತಗೋ."

ಆಮೇಲೆ ಇಬ್ಬರೂ ಕೂತು ಐದು ಪ್ರಶ್ನೆ ಬರೆದ್ವಿ. ಟ್ರ್ಯಾಕ್ಟರ್, ಹಾರ್ವೆಸ್ಟರ್, ಡ್ರೋನ್ ಏನೇ ತಗೊಳ್ಳೋರು ಇದ್ರೆ ನೀವೂ ಕೇಳ್ರಿ.

1. ಫ್ರೀ ಅವಧಿ ಮುಗಿದ ಮೇಲೆ ವರ್ಷಕ್ಕೆ ಎಷ್ಟು? ಕಟ್ಟದಿದ್ರೆ ಏನೇನು ನಿಲ್ತದೆ?
2. ಸಿಮ್ ಸತ್ತರೆ, ಸಿಗ್ನಲ್ ಇಲ್ಲದಿದ್ರೆ ಗಾಡಿ ಮೊದಲಿನಂಗೇ ಓಡ್ತದಾ?
3. ಕೆಂಪು ದೀಪ ಬಂದ್ರೆ ಅಳಿಸೋ ಸಲಕರಣೆ ನಮ್ಮೂರ ಮೇಸ್ತ್ರಿಗೆ ಮಾರ್ತೀರಾ? ಇಲ್ಲ ಅಂದ್ರೆ ನಿಮ್ಮ ಹುಡುಗ ಎಷ್ಟು ಗಂಟೆಯೊಳಗೆ ಬರ್ತಾನೆ?
4. ದೂರದಿಂದ ಎಂಜಿನ್ ನಿಲ್ಲಿಸೋ ಅಧಿಕಾರ ಯಾರಿಗಿದೆ? ಕಂತು ತಡ ಆದ್ರೆ ನಿಲ್ಲಿಸ್ತೀರಾ?
5. ನನ್ನ ಹೊಲದ ಲೆಕ್ಕ ಬೇರೆ ಯಾರಿಗೆ ಹೋಗ್ತದೆ? ಗಾಡಿ ಮಾರಿದ್ರೆ ಅದು ಅಳಿಸಿ ಹೋಗ್ತದಾ?

ಒಬ್ಬರು ಕೇಳಿದ್ರೆ ಶೋರೂಮಿನವರು ನಗ್ತಾರೆ. ಇಪ್ಪತ್ತು ಜನ ಕೇಳಿದ್ರೆ ಮೇಲಿನವರಿಗೆ ಬರೆದು ಕೇಳ್ತಾರೆ. ಅಮೆರಿಕದಲ್ಲೂ ಆದದ್ದು ಅದೇ, ರೈತರು ಕೇಳ್ತಾ ಕೇಳ್ತಾ ಕಾನೂನಿನವರೆಗೆ ಹೋಯ್ತು.

ಕಳೆದ ಸೋಮವಾರ ತಮ್ಮ ಆ ಚೀಟಿ ಹಿಡ್ಕೊಂಡು ಶೋರೂಮಿಗೆ ಹೋದ. ಆ ಹುಡುಗ ಪಾಪ ಒಳ್ಳೆಯವನು, ನಗಲಿಲ್ಲ. ಮ್ಯಾನೇಜರ್ ಹತ್ರ ಹೋಗಿ ಕೊಟೇಶನ್ ಹಿಂದೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿ ಸೀಲು ಹಾಕಿಸಿ ಕೊಟ್ಟ. ಮೂರನೇ ಪ್ರಶ್ನೆ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ, "ಕೇಳಿ ಹೇಳ್ತೀವಿ" ಅಂತ. ಆ ಜಾಗ ತುಂಬಿದ ಮೇಲೇ ಮುಂಗಡ ಅಂತ ತಮ್ಮ ಹೇಳಿ ಬಂದಿದ್ದಾನೆ. ಬಿತ್ತನೆಗೆ ಇನ್ನೂ ಒಂದೂವರೆ ತಿಂಗಳು ಐತೆ, ಅಲ್ಲಿವರೆಗೆ ನನ್ನ ಹಳೇ ಟ್ರ್ಯಾಕ್ಟರ್ ಇದೆ. ಅದು ಮಾತಾಡಲ್ಲ, ಕೆಮ್ಮುತ್ತೆ ಅಷ್ಟೇ. ಕೆಮ್ಮಿದ್ರೆ ಎಲ್ಲಿ ನೋವು ಅಂತ ನಮ್ಮ ಮೇಸ್ತ್ರಿಗೆ ಗೊತ್ತಾಗ್ತದೆ.

ಉತ್ತರ ಬಂದ ದಿನ ಇಲ್ಲೇ ತಿಳಿಸ್ತೀನಿ.